ಕಾಟ್ಸ್‌ವೋಲ್ಡ್ಸ್ ಗುಡ್ಡದಲ್ಲಿ ಹಸಿರು ಗುಮ್ಮಟ, ಸೇತುವೆ ಮೇಲೆ ನಂದಿ: ಸೀಝಿನ್‌ಕೋಟ್ ಮನೆ ನೋಡಿದೋರು ಯಾರಾದ್ರೂ ಇದ್ದೀರಾ?

ಊರುಬಿಟ್ಟವ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಅಮ್ಮ ಊರಿಂದ ಬಂದಿದ್ರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಕೂತು ಬೇಜಾರಾಗಿದೆ ಅಂದ್ರು, ಅದಕ್ಕೆ ಒಂದು ದಿನ ಗ್ಲಾಸ್ಟರ್‌ಶೈರ್ ಕಡೆ ಕರ್ಕೊಂಡು ಹೋದೆ. ಅಲ್ಲಿ ಸೀಝಿನ್‌ಕೋಟ್ ಅಂತ ಒಂದು ಹಳ್ಳಿಗಾಡಿನ ಬಂಗಲೆ. ಓಕ್ ಮರಗಳ ಮಧ್ಯೆ ರೋಡು, ಕುರಿ ಮೇಯ್ತಿರೋ ಹುಲ್ಲುಗಾವಲು, ಎಲ್ಲಾ ಇಂಗ್ಲೆಂಡಲ್ಲಿ ಇರೋ ಹಾಗೇ ಇದೆ ಅಂತ ನೋಡ್ತಾ ಹೋಗ್ತಿದ್ರೆ ಇದ್ದಕ್ಕಿದ್ದ ಹಾಗೆ ಎದುರಿಗೆ ಈರುಳ್ಳಿ ಆಕಾರದ ತಾಮ್ರದ ಗುಮ್ಮಟ, ಕಿಲುಬು ಹಿಡಿದು ಪೂರ್ತಿ ಹಸಿರಾಗಿದೆ, ಮೂಲೆಗಳಲ್ಲಿ ಛತ್ರಿ ಅಂತ ಕರೆಯೋ ಪುಟ್ಟ ಗುಮ್ಮಟದ ಮಂಟಪಗಳು, ಗೋಡೆ ಸುತ್ತ ಮುಂದಕ್ಕೆ ಚಾಚಿದ ಛಜ್ಜಾ, ಕಿಟಕಿ ಮೇಲೆ ನವಿಲು ಗರಿ ಬಿಚ್ಚಿದ ಹಾಗೆ ಕಮಾನು.

ಕೆಳಗೆ ತೋಟದಲ್ಲಿ ತೊರೆಗೆ ಒಂದು ಸೇತುವೆ ಕಟ್ಟಿದ್ದಾರೆ, ಅದರ ಕೈಪಿಡಿ ಗೋಡೆ ಮೇಲೆ ನಂದಿಗಳು ಮಲಗಿವೆ. ಅಮ್ಮ ನೋಡಿದ ತಕ್ಷಣ ಚಪ್ಪಲಿ ಬಿಟ್ಟು ಕೈ ಮುಗಿದ್ರು. ಮೇಲ್ಗಡೆ ಕೊಳದ ಪಕ್ಕ ಸೂರ್ಯನ ಗುಡಿ, ಇನ್ನೊಂದು ಕೊಳದಲ್ಲಿ ಮರಕ್ಕೆ ಸುತ್ತಿಕೊಂಡಿರೋ ಹೆಡೆ ಎತ್ತಿದ ಸರ್ಪ.

ಮನೆ ಒಳಗೆ ಹೋದ್ರೆ ಮಾತ್ರ ಇದ್ಯಾವುದೂ ಇಲ್ಲ. ಗ್ರೀಕ್ ಮಾದರಿ ಕಂಬ, ಕವಲೊಡೆದು ಹೋಗೋ ದೊಡ್ಡ ಮೆಟ್ಟಿಲು, ಮೊದಲನೇ ಮಹಡಿಯಲ್ಲಿ ಬಾಗಿದ ಕಿಟಕಿ ಇರೋ ಸಲೂನ್, ಅಂದ್ರೆ ಅತಿಥಿಗಳು ಕೂರೋ ದೊಡ್ಡ ಹಜಾರ, ಜಾರ್ಜ್ ರಾಜರ ಕಾಲದ ಅಪ್ಪಟ ಇಂಗ್ಲಿಷ್ (ಜಾರ್ಜಿಯನ್) ಮನೆ. ನನಗೆ ಅವತ್ತಿಂದ ತಲೆಯಲ್ಲಿ ಇದೇ ಓಡ್ತಿದೆ. ಹೊರಗೆ ಹಿಂದೂಸ್ತಾನ, ಒಳಗೆ ಯುರೋಪ್, ಯಾಕೆ ಹಾಗೆ ಕಟ್ಟಿದ್ರು? ತಿಳಿದೋರು ಬರೀರಿ.

ಹಳೇಕಾಗದ:
ಒಳ್ಳೇ ಮನೆ ನೋಡಿದ್ದೀರಿ. ನನಗೆ ಗೊತ್ತಿರೋದು ಬರೀತೀನಿ, ಸ್ವಲ್ಪ ಉದ್ದ ಆಗತ್ತೆ.

ಇದರಲ್ಲಿ ಮೂರು ಜನ ಅಣ್ಣತಮ್ಮಂದಿರು. ಕರ್ನಲ್ ಜಾನ್ ಕಾಕರೆಲ್, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದವನು, 1795ರಲ್ಲಿ ಈ ಎಸ್ಟೇಟ್ ಕೊಂಡ, 1798ರಲ್ಲಿ ತೀರಿಕೊಂಡ. ಆಮೇಲೆ ಅದು ಚಾರ್ಲ್ಸ್ ಕಾಕರೆಲ್ ಕೈಗೆ ಬಂತು. ಇವನು ಕಲ್ಕತ್ತಾದಲ್ಲಿ ಕಂಪನಿ ನೌಕರಿ ಮಾಡಿ ಆಮೇಲೆ ಏಜೆನ್ಸಿ ಹೌಸ್ ವ್ಯವಹಾರದಲ್ಲಿ ದುಡ್ಡು ಮಾಡಿದವನು. ಇನ್ನೊಬ್ಬ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್, ಆರ್ಕಿಟೆಕ್ಟ್, ಈಸ್ಟ್ ಇಂಡಿಯಾ ಕಂಪನಿಗೆ ಸರ್ವೇಯರ್ ಆಗಿದ್ದ. 1805ರ ಆಸುಪಾಸಿಗೆ ಚಾರ್ಲ್ಸ್ ತನ್ನ ಅಣ್ಣನೇ ಆದ ಈ ಆರ್ಕಿಟೆಕ್ಟ್ ಹತ್ರ ಮನೆ ಕಟ್ಟಿಸಿದ.

ಈಗ ನಮಗೆ ಬೇಕಾದ ವಿಷಯ. ಜಮೀನು ಕೊಂಡ ಜಾನ್ ಇದ್ದಾನಲ್ಲ, ಅವನು ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪು ವಿರುದ್ಧ ಇದ್ದವನು. ಬಂಗಾಳದಿಂದ ಸಿಪಾಯಿಗಳ ತುಕಡಿ ಕಟ್ಕೊಂಡು ಕರಾವಳಿ ಹಿಡಿದು ನಡೆದೇ ಮದ್ರಾಸ್ ಕಡೆಗೆ ಬಂದ, ಆಮೇಲೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯದ ಜೊತೆ. 1792ರ ಶ್ರೀರಂಗಪಟ್ಟಣದ ಒಪ್ಪಂದ ಗೊತ್ತಲ್ಲ, ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಎಳೇ ಮಕ್ಕಳು ಒತ್ತೆಯಾಳು. ಆ ಯುದ್ಧ ಮುಗಿದು ಮೂರೇ ವರ್ಷಕ್ಕೆ ಜಾನ್ ಗ್ಲಾಸ್ಟರ್‌ಶೈರ್‌ನಲ್ಲಿ ಜಮೀನ್ದಾರ.

ಊರುಬಿಟ್ಟವ:
ಸರ್ ಇದು ನನಗೆ ಗೊತ್ತೇ ಇರ್ಲಿಲ್ಲ, ಓದ್ತಾ ಮೈ ಜುಮ್ ಅಂತು. ನಾನು ಮಂಡ್ಯ ಜಿಲ್ಲೆಯವನು, ಚಿಕ್ಕೋನಿದ್ದಾಗ ಶ್ರೀರಂಗಪಟ್ಟಣದ ಕೋಟೆ ಗೋಡೆ ಮೇಲೆ ಆಡಿ ಬೆಳೆದೋನು. ಹಾಗಾದ್ರೆ ಈ ಮನೆ ನಮ್ಮ ದುಡ್ಡಲ್ಲಿ ಕಟ್ಟಿದ್ದು ಅಂತಲೇ ಆಯ್ತಲ್ಲ?

ಹಳೇಕಾಗದ:
ಅಷ್ಟು ನೇರವಾಗಿ ಹೇಳೋಕಾಗಲ್ಲ. ಜಮೀನಿನ ಮೊದಲ ಖರೀದಿ ಜಾನ್‌ದು, ಅವನ ದುಡಿಮೆ ಎಲ್ಲಾ ಕಂಪನಿ ಸೈನ್ಯದ್ದೇ. ಗುಮ್ಮಟ ಛಜ್ಜಾ ಎಲ್ಲಾ ಬಂದಿದ್ದು ಚಾರ್ಲ್ಸ್ ದುಡ್ಡಲ್ಲಿ, ಅದು ಕಲ್ಕತ್ತಾ ದುಡ್ಡು. ಏಜೆನ್ಸಿ ಹೌಸ್ ಅಂದ್ರೆ ಏನು ಅಂತ ಹೇಳ್ಬೇಕು. ಕಂಪನಿ ನೌಕರರು ಇಲ್ಲಿ ಸಂಬಳದ ಮೇಲೆ ಖಾಸಗಿ ವ್ಯಾಪಾರ, ಕಾಣಿಕೆ, ಅದೂ ಇದೂ ಅಂತ ಗುಡ್ಡೆ ಹಾಕಿದ ದುಡ್ಡನ್ನ ಊರಿಗೆ ಕಳಿಸಬೇಕಿತ್ತು. ಈ ಹೌಸ್‌ಗಳು ಅದನ್ನ ಇಟ್ಕೊಂಡು ಬಡ್ಡಿ ಕೊಟ್ಟು, ಸರಕಿಗೆ ಹಡಗಿಗೆ ಹಾಕಿ, ಲಂಡನ್ನಿಗೆ ಹುಂಡಿ (ಅಲ್ಲಿ ಹಣ ಕೊಡಿ ಅನ್ನೋ ಪತ್ರ) ಬರೆದು ಕಳಿಸ್ತಿದ್ವು. ಅಂದ್ರೆ ಚಾರ್ಲ್ಸ್ ಬರೀ ತನ್ನ ಸಂಪಾದನೆ ಒಂದನ್ನೇ ಅಲ್ಲ, ಬೇರೆಯವರ ಸಂಪಾದನೆ ದಾಟಿಸಿದ ಕಮಿಷನ್ ಮೇಲೂ ಶ್ರೀಮಂತ ಆದವನು. ಆಮೇಲೆ ಪಾರ್ಲಿಮೆಂಟ್ ಮೆಂಬರ್ ಆದ, 1809ರಲ್ಲಿ ಬ್ಯಾರನೆಟ್ ಅನ್ನೋ ವಂಶಪಾರಂಪರ್ಯ ಬಿರುದು ಸಿಕ್ತು.

ಗಾರೆಮೇಸ್ತ್ರಿ_ಮಗ:
ನಾನು ಸಿವಿಲ್ ಎಂಜಿನಿಯರ್, ನನಗೆ ಇತಿಹಾಸಕ್ಕಿಂತ ಕಟ್ಟಡದ ಬಗ್ಗೆನೇ ಕುತೂಹಲ. ನಾವು ಛಜ್ಜಾ ಹಾಕೋದು ಯಾಕೆ, ನೆತ್ತಿ ಮೇಲಿನ ಬಿಸಿಲು ಕಿಟಕಿಗೆ ಹೊಡೀಬಾರ್ದು, ಮಳೆ ಇರಚಲು ಗೋಡೆಗೆ ಬೀಳಬಾರ್ದು. ಇಂಗ್ಲೆಂಡಲ್ಲಿ ಸೂರ್ಯ ತಗ್ಗಲ್ಲಿ ಓಡಾಡ್ತಾನೆ, ಚಳಿಗಾಲದಲ್ಲಂತೂ ಬೆಳಕು ಸಿಕ್ಕಷ್ಟೂ ಬೇಕು. ಅಂಥ ಕಡೆ ಇಷ್ಟು ಅಗಲ ಛಜ್ಜಾ ಯಾಕೆ ಹಾಕಿದ್ರು? ಈ ಸ್ಯಾಮ್ಯುಯೆಲ್ ಅನ್ನೋರು ಇಂಡಿಯಾಗೆ ಬಂದು ನೋಡಿದ್ರಾ?

ಹಳೇಕಾಗದ:
ಬಂದೇ ಇಲ್ಲ! ಅದೇ ವಿಷಯ ಇಲ್ಲಿ. ಆರ್ಕಿಟೆಕ್ಟ್ ಇಂಡಿಯಾಗೆ ಕಾಲಿಟ್ಟವನಲ್ಲ. ಚಿತ್ರ ನೋಡಿ ಕಟ್ಟಿದ್ದು.

ಚಿತ್ರ ಬರೆದೋರು ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ. 1786ರಲ್ಲಿ ಕಲ್ಕತ್ತಾಗೆ ಬಂದಾಗ ಹುಡುಗನಿಗೆ ಇನ್ನೂ ಮೀಸೆ ಮೂಡೋ ವಯಸ್ಸು. ಏಳು ವರ್ಷ ದೇಶ ಸುತ್ತಿದ್ರು. ಎದುರಿನ ನೋಟವನ್ನ ಕಾಗದದ ಮೇಲೆ ಬೀಳಿಸೋ ಕ್ಯಾಮೆರಾ ಅಬ್ಸ್ಕ್ಯೂರಾ ಪೆಟ್ಟಿಗೆ ಇಟ್ಕೊಂಡು ಕಟ್ಟಡದ ಗೆರೆ ಹಿಡಿಯೋದು, ಅದಕ್ಕೇ ಅವರ ಚಿತ್ರದಲ್ಲಿ ಅಳತೆ ಅಷ್ಟು ಸರಿ ಇರತ್ತೆ. ವಾಪಸ್ ಹೋದಮೇಲೆ 1795ರಿಂದ 1808ರವರೆಗೆ ‘ಓರಿಯೆಂಟಲ್ ಸೀನರಿ’ ಅಂತ ಒಟ್ಟು 144 ಅಚ್ಚುಚಿತ್ರ ಹೊರತಂದ್ರು. ಇಂಗ್ಲೆಂಡಿನ ಸಿರಿವಂತರು ನಮ್ಮ ದೇವಸ್ಥಾನ ಮಸೀದಿ ಹೇಗಿರತ್ತೆ ಅಂತ ಬಣ್ಣದಲ್ಲಿ ನೋಡಿದ್ದು ಹೆಚ್ಚಾಗಿ ಇದರಿಂದಲೇ.

ಇನ್ನೊಂದು ಮಾತು ಕೇಳಿ. ಇವರಿಬ್ರೂ ದಕ್ಷಿಣಕ್ಕೆ ಬಂದಿದ್ದು 1792ರಲ್ಲಿ, ಅದೇ ಮೈಸೂರು ಯುದ್ಧ ಮುಗಿದ ಬೆನ್ನಿಗೇ, ಕಾರ್ನ್‌ವಾಲಿಸ್ ಸೈನ್ಯ ತುಳಿದ ದಾರಿ ಆಗ ತಾನೇ ತೆರೆದಿತ್ತು. ‘ಮೈಸೂರು ಸೀಮೆಯ ಹೊಸೂರು’ ಅಂತಲೇ ಅವರ ಒಂದು ಚಿತ್ರ ಇದೆ. ಯುದ್ಧ ಮಾಡಿದ ಕಾಕರೆಲ್ ಮತ್ತು ಚಿತ್ರ ಬರೆದ ಡೇನಿಯಲ್, ಇಬ್ಬರೂ ಒಂದೇ ದಾರಿಯಲ್ಲಿ ಒಂದು ವರ್ಷ ಹಿಂದೆ ಮುಂದೆ ಓಡಾಡಿದೋರು. ಹತ್ತು ಹನ್ನೆರಡು ವರ್ಷ ಆದಮೇಲೆ ಒಬ್ಬನ ಜಮೀನಲ್ಲಿ ಇನ್ನೊಬ್ಬನ ಗೆರೆ ನೋಡಿ ಗುಮ್ಮಟ ಎದ್ದು ನಿಲ್ತು.

ವಿಜಾಪುರದಾಕಿ:
ಫೋಟೋ ಹುಡುಕಿ ನೋಡಿದೆ ನಾ. ಗುಮ್ಮಟ ಛಲೋ ಐತಿ ಖರೆ, ಆದ್ರ ಒಂದು ಮಾತು ಹೇಳ್ತೀನಿ, ನಮ್ಮ ಇಬ್ರಾಹಿಂ ರೋಜಾ ಗುಮ್ಮಟ ಬುಡದಾಗ ಕಮಲದ ಎಸಳು ಬಿಚ್ಚಿ ಅದರೊಳಗಿಂದ ಗುಮ್ಮಟ ಮ್ಯಾಲೆ ಎದ್ದಂಗ ಇರ್ತದ, ನೋಡಿದ್ರ ಹಗುರ ಅನಸ್ತದ, ಅಷ್ಟು ದೊಡ್ಡ ಕಲ್ಲು ಗಾರಿ ಕಟ್ಟಡ ಅದ ಅಂತ ಗೊತ್ತಾಗೂದಿಲ್ಲ. ಈ ಮನಿ ಗುಮ್ಮಟ ಹೆಂಚಿನ ಮನಿ ಮ್ಯಾಲೆ ಕಳಸ ಇಟ್ಟಂಗ ಕಾಣ್ತದ. ಕೆಳಗಿನ ಗ್ವಾಡಿಗೂ ಮ್ಯಾಲಿನ ಗುಮ್ಮಟಕ್ಕೂ ಮಾತುಕತಿ ಇಲ್ಲ. ಆದ್ರ ಆ ಬಾಗಿದ ಉದ್ದನ ಗಾಜಿನ ಕಮಾನಿನ ಸಾಲು ಐತೆಲ್ಲ, ಅದೇನದು? ಅದು ಮಾತ್ರ ಭಾಳ ಚಂದ ಅನಸ್ತು ನನಗ.

ಊರುಬಿಟ್ಟವ:
ಅಕ್ಕ ಅದು ಆರೆಂಜರಿ. ಚಳಿಗಾಲದಲ್ಲಿ ಕಿತ್ತಳೆ ನಿಂಬೆ ಗಿಡ ಒಳಗಿಟ್ಟು ಕಾಪಾಡೋಕೆ ಅಂತ ಇಲ್ಲಿನ ದೊಡ್ಡ ಮನೆಗಳಲ್ಲಿ ಕಟ್ಟಿಸೋರು. ಮನೆಯಿಂದ ಶುರುವಾಗಿ ಬಿಲ್ಲಿನ ಹಾಗೆ ಬಾಗಿ ತುದಿಯಲ್ಲಿ ಎಂಟು ಮೂಲೆಯ ಮಂಟಪದಲ್ಲಿ ಮುಗಿಯತ್ತೆ, ಅಲ್ಲಿ ಹಕ್ಕಿ ಸಾಕ್ತಿದ್ರಂತೆ. ಮನೆಯ ಇನ್ನೊಂದು ಕಡೆ ಇರೋ ಮಂಟಪ ಚಾರ್ಲ್ಸ್ ಮಲಗೋ ಕೋಣೆ, ಅದರ ಮಾಳಿಗೆ ಡೇರೆ ಕಟ್ಟಿದ ಹಾಗೆ, ಈಟಿಗಳ ಮೇಲೆ ನಿಲ್ಲಿಸಿದ ಹಾಗೆ ಮಾಡಿದ್ದಾರೆ. ಕಲ್ಕತ್ತಾ ಬಿಟ್ಟು ಬಂದ ಮನುಷ್ಯ ರಾತ್ರಿ ಮಲಗೋಕೆ ಡೇರೆ ಬೇಕು ಅಂದುಕೊಂಡಿದ್ದಾನೆ, ಅದು ನನಗೆ ಗುಮ್ಮಟಕ್ಕಿಂತ ಜಾಸ್ತಿ ನೆನಪಿದೆ.

ಕಲ್ಲಿನ ಬಣ್ಣದ ಬಗ್ಗೆ ಕೂಡ ಹೇಳ್ಬೇಕು, ಕಾಟ್ಸ್‌ವೋಲ್ಡ್ಸ್ ಕಲ್ಲು ಜೇನುತುಪ್ಪದ ಬಣ್ಣ, ಇಲ್ಲಿ ಅದಕ್ಕಿಂತ ಕೆಂಪಗೆ ಕಿತ್ತಳೆ ಕಡೆಗಿದೆ. ಕಲ್ಲಿಗೆ ಬಣ್ಣ ಊಡಿಸಿದ್ದಾರೆ ಅಂತ ಮಾತಿದೆ. ಸಂಜೆ ಬಿಸಿಲು ಬಿದ್ದಾಗ ಆಗ್ರಾ ಕಡೆ ಕೆಂಪು ಕಲ್ಲಿನ ನೆನಪಾಗತ್ತೆ.

ತೊಟ್ಟಿಮನೆ:
ನಾನು ತೀರ್ಥಹಳ್ಳಿ ಕಡೆಯವಳು. ಊರುಬಿಟ್ಟವ ಅವರೇ, ನಿಮ್ಮ ಅಮ್ಮ ಮನೆ ಒಳಗೆ ಹೋದಾಗ ಏನಂದ್ರು? ಕೇಳೋಕೆ ಕಾರಣ ಇದೆ, ನಮ್ಮೋರಿಗೆ ಮನೆ ಅಂದ್ರೆ ಮೊದ್ಲು ಹೊರಗಿನ ರೂಪ ಅಲ್ಲ, ಒಳಗಿನ ಜಾಗ. ಜಗಲಿ, ಪಡಸಾಲೆ, ನಡುವೆ ತೊಟ್ಟಿ, ಹಿಂದೆ ಕೊಟ್ಟಿಗೆ ಬಚ್ಚಲು.

ಊರುಬಿಟ್ಟವ:
ನೀವು ಹೀಗೆ ಕೇಳಿದ್ದು ಒಳ್ಳೇದಾಯ್ತು. ಮೆಟ್ಟಿಲು ಇರೋ ನಡುಮನೆಯಲ್ಲಿ ನಿಂತು ಅಮ್ಮ ಮೇಲೆ ನೋಡಿದ್ರು, ಸುತ್ತ ನೋಡಿದ್ರು, ಆಮೇಲೆ ಮೆಲ್ಲಗೆ ‘ಮಳೆ ಎಲ್ಲಿಗೆ ಬೀಳತ್ತೋ ಇಲ್ಲಿ?’ ಅಂದ್ರು. ಅಜ್ಜಿ ಮನೆ ತೊಟ್ಟಿಯಲ್ಲಿ ಮಳೆ ನೀರು ಬೀಳೋದು, ತಾಮ್ರದ ಹಂಡೆ ಇಡೋದು, ಅವರ ತಲೆಯಲ್ಲಿ ಮನೆ ನಡುವೆ ಅಂದ್ರೆ ಆಕಾಶ. ಗುಮ್ಮಟ ಛತ್ರಿ ಎಲ್ಲಾ ಹೊರಗೆ ನೋಡಿ ಒಳಗೂ ಅಂಗಳ ಇರತ್ತೆ ಅಂದುಕೊಂಡಿದ್ರು.

ಗಾರೆಮೇಸ್ತ್ರಿ_ಮಗ:
ಅಮ್ಮನ ಪ್ರಶ್ನೆಯಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೆ ಅನ್ಸತ್ತೆ ನನಗೆ. ಡೇನಿಯಲ್ ಚಿತ್ರಗಳಲ್ಲಿ ಬಹಳ ಕಡೆ ಸಿಗೋದು ಕಟ್ಟಡದ ಹೊರಮೈ. ಎಲಿವೇಶನ್ (ಎದುರು ನೋಟ) ಇದೆ, ಪ್ಲಾನ್ (ಒಳಗಿನ ನಕ್ಷೆ) ಇಲ್ಲ. ದೂರ ನಿಂತು ಮರದ ಪಕ್ಕ ಗೋಪುರ, ನದಿ ಪಕ್ಕ ಗುಮ್ಮಟ. ಅಂಗಳದಲ್ಲಿ ಹೆಂಗಸರು ಎಲ್ಲಿ ಕೂರ್ತಾರೆ, ಬಿಸಿಲು ಮಧ್ಯಾಹ್ನ ಎಲ್ಲಿಂದ ಗಾಳಿ ಬರತ್ತೆ, ಜಾಲಂದ್ರ ಯಾಕಿದೆ, ಇದು ಚಿತ್ರದಲ್ಲಿ ಬರಲ್ಲ. ಆರ್ಕಿಟೆಕ್ಟ್ ಕೈಗೆ ಸಿಕ್ಕಿದ್ದು ಹೊರಮೈ ಮಾತ್ರ, ಅದನ್ನೇ ತಂದು ತನಗೆ ಗೊತ್ತಿರೋ ಇಂಗ್ಲಿಷ್ ಮನೆಗೆ ಹೊದಿಸಿದ್ದಾರೆ. ಆ ಕಾಲದಲ್ಲಿ ಇಂಗ್ಲೆಂಡಲ್ಲಿ ಗೋಥಿಕ್ ಬೇಕಂದ್ರೆ ಗೋಥಿಕ್ ಮುಖ, ಗ್ರೀಕ್ ಬೇಕಂದ್ರೆ ಗ್ರೀಕ್ ಮುಖ, ಒಳಗೆ ಊಟದ ಕೋಣೆ, ಲೈಬ್ರರಿ, ಸಲೂನ್ ಅದೇ ಲೆಕ್ಕ. ಹಾಗೆ ನೋಡಿದ್ರೆ ಛಜ್ಜಾಗೆ ಇಲ್ಲಿ ಕೆಲಸ ಇಲ್ಲ, ನೆರಳಿನ ಗೆರೆ ಚೆನ್ನಾಗಿ ಕಾಣಲಿ ಅಂತ ಇರೋದು.

ಇದು ಬೈಯೋ ಮಾತಲ್ಲ. ಛಜ್ಜಾ ಹೊರೋ ಆ ಬ್ರಾಕೆಟ್ ಕೆತ್ತಿದ ಕಲ್ಲುಕುಟಿಗರು ಬರೀ ಕಾಗದ ನೋಡಿ ಆ ಕೆಲಸ ಮಾಡಿದ್ದಾರೆ ಅಂದ್ರೆ ನಮ್ಮಪ್ಪ ಆಗಿದ್ರೆ ಅವರಿಗೆ ನಮಸ್ಕಾರ ಹಾಕ್ತಿದ್ರು. ಒಂದು ಹೊಸ ಮೋಲ್ಡಿಂಗ್ ಹೊಡೀಬೇಕು ಅಂದ್ರೇನೇ ಎಷ್ಟು ಕಷ್ಟ ಅಂತ ನಾನು ನೋಡಿದ್ದೀನಿ.

ಹಳೇಕಾಗದ:
ಒಪ್ಪಿದೆ, ಆದ್ರೆ ತೋಟಕ್ಕೆ ಈ ಮಾತು ಪೂರ್ತಿ ಅನ್ವಯಿಸಲ್ಲ. ತೋಟದ ಕೆಲಸಕ್ಕೆ ಥಾಮಸ್ ಡೇನಿಯಲ್ ತಾನೇ ಬಂದು ಸೂರ್ಯನ ಗುಡಿ, ಸೇತುವೆ ಎಲ್ಲಾ ರೂಪಿಸಿದ. ಅವನು ಕಣ್ಣಾರೆ ನೋಡಿದವನು. ಸೇತುವೆ ಕೆಳಗಿನ ದಪ್ಪ ಕಂಬ ಎಲಿಫೆಂಟಾ ಗುಹೆ ಕಂಬದ ಮಾದರಿ. ತಂಜಾವೂರಿನ ದೊಡ್ಡ ನಂದಿಯನ್ನ ಅವನು ಚಿತ್ರ ಬರೆದಿದ್ದಾನೆ, ಅದು ಅಚ್ಚಾಗಿದೆ. ಅದಕ್ಕೇ ಮನೆ ಮೊಘಲ್ ಥರ ಇದ್ರೂ ತೋಟದಲ್ಲಿ ನಂದಿ, ಸರ್ಪ, ಸೂರ್ಯ. ಸೇತುವೆ ಕೆಳಗೆ ನೀರಲ್ಲಿ ಹೆಜ್ಜೆ ಕಲ್ಲು ಹಾಕಿ ದಾಟೋ ಹಾಗೆ ಮಾಡಿದ್ದಾನೆ, ಕೂರೋಕೆ ಜಾಗನೂ ಇದೆ. ಕಂಬಗಳ ಮಧ್ಯೆ ತಂಪಲ್ಲಿ ನೀರಿನ ಸದ್ದು ಕೇಳ್ತಾ ಕೂರೋದು, ಅದು ನಮ್ಮ ಗುಡಿ ಕಲ್ಯಾಣಿಯ ಅನುಭವಕ್ಕೆ ಹತ್ತಿರ. ಈ ಒಂದು ಕಡೆ ಮಾತ್ರ ರೂಪದ ಜೊತೆ ಜಾಗವೂ ಬಂದಿದೆ ಅಂತ ನನ್ನ ಅನಿಸಿಕೆ.

ಇನ್ನು ಮನೆ ಮುಂದಿನ ದಕ್ಷಿಣದ ತೋಟ, ಉದ್ದ ಕಾಲುವೆ ಇಟ್ಟು ಚಾರ್‌ಬಾಗ್ (ನಾಲ್ಕು ಭಾಗ ಮಾಡಿದ ಮೊಘಲ್ ತೋಟ) ಥರ ಮಾಡಿರೋದು, ಅದು ಆ ಕಾಲದ್ದಲ್ಲ, 1960ರ ದಶಕದ್ದು. 1944ರಲ್ಲಿ ಮನೆ ಕೊಂಡ ಕ್ಲೈನ್‌ವರ್ಟ್ ಕುಟುಂಬದವರು ಮಾಡಿಸಿದ್ದು.

ಮಾತುಬೇಕು:
ಎಲ್ಲಾ ಓದಿದೆ. ಕ್ಷಮಿಸಿ, ನನಗೆ ಸಂಕಟ ಆಗ್ತಿದೆ. ನಮ್ಮ ಕಡೆ ಊರೂರು ಸುಟ್ಟು ಹೋದ ಯುದ್ಧ ಅದು. ಆ ಸೈನ್ಯದಲ್ಲಿದ್ದವನ ಜಮೀನಲ್ಲಿ ನಮ್ಮ ದೇವರನ್ನ ತೋಟದ ಅಲಂಕಾರಕ್ಕೆ ಇಟ್ಕೊಂಡಿದ್ದಾರೆ, ನಾವು ಟಿಕೆಟ್ ತಗೊಂಡು ಹೋಗಿ ಕೈ ಮುಗಿದು ಬರೋದಾ? ಚಂದ ಇದೆ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಲಂಡನ್_ಕನ್ನಡತಿ:
ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ನಾನು ಮೊದಲ ಸಲ ವೇಲ್ಸ್‌ನ ಪೊವಿಸ್ ಕೋಟೆಗೆ ಹೋದಾಗ ಟಿಪ್ಪುವಿನ ಡೇರೆ ನೋಡಿ ಎದುರಿಗೆ ತುಂಬಾ ಹೊತ್ತು ಸುಮ್ನೆ ನಿಂತಿದ್ದೆ. ಹೂ ಬಳ್ಳಿ ಅಚ್ಚೊತ್ತಿದ ಹತ್ತಿ ಬಟ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್, ಆ ಮನೆತನದ ಮೂಲಕ ಅದು ಅಲ್ಲಿಗೆ ಹೋಯ್ತು. ಅದನ್ನ ತೋಟದ ಪಾರ್ಟಿಗಳಿಗೆ ಶಾಮಿಯಾನ ಥರ ಹಾಕ್ತಿದ್ರು ಅಂತ ಓದಿದಾಗ ಕಣ್ಣಲ್ಲಿ ನೀರು ಬಂತು.

ಆದ್ರೆ ಎರಡೂ ಒಂದೇ ಅಲ್ಲ ಅಂತ ನಾನು ಹೇಳ್ತೀನಿ. ಪೊವಿಸ್‌ನಲ್ಲಿರೋದು ಎತ್ತಿಕೊಂಡು ಹೋದ ವಸ್ತು, ಅದರ ಜಾಗ ಬೇರೆ. ಸೀಝಿನ್‌ಕೋಟ್ ಅಲ್ಲೇ ಅಲ್ಲಿಯೋರೇ ಕಟ್ಟಿದ್ದು. ಅದನ್ನ ವಾಪಸ್ ಕೇಳೋ ಹಾಗಿಲ್ಲ, ಆದ್ರೆ ಯಾರ ದುಡ್ಡು, ಯಾವ ಯುದ್ಧ ಅಂತ ಹೇಳಿಸಬಹುದು. 2020ರಲ್ಲಿ ಹಳೇ ಮನೆ ತೋಟ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ತನ್ನ ಸುಪರ್ದಿಯಲ್ಲಿರೋ 93 ಜಾಗಗಳಿಗೆ ವಸಾಹತು ಆಳ್ವಿಕೆ, ಗುಲಾಮಗಿರಿ ಜೊತೆ ಇರೋ ನಂಟಿನ ವರದಿ ಹಾಕಿದಾಗ ಇಲ್ಲಿ ಎಷ್ಟು ಗಲಾಟೆ ಆಯ್ತು ಗೊತ್ತಾ, ನಮ್ಮ ಮನೆಗಳ ಮರ್ಯಾದೆ ತೆಗೀತಿದ್ದಾರೆ ಅಂತ. ಸೀಝಿನ್‌ಕೋಟ್ ಟ್ರಸ್ಟಿನದಲ್ಲ, ಖಾಸಗಿ ಮನೆ, ಕುಟುಂಬ ಈಗಲೂ ಇದೆ. ಅಂಥ ಕಡೆಗೆ ನಮ್ಮಂಥೋರು ಹೋಗಬೇಕು, ಹೋಗಿ ಕೇಳಬೇಕು.

ಮಾತುಬೇಕು:
ಸರಿ ಅಕ್ಕ. ಡೇರೆ ವಿಷಯ ಗೊತ್ತಿರಲಿಲ್ಲ. ಹೋಗೋಕೆ ಮನಸ್ಸು ಮಾಡೋಕೆ ನನಗೆ ಸ್ವಲ್ಪ ಟೈಮ್ ಬೇಕು.

ವಿಜಾಪುರದಾಕಿ:
ಈ ಒಂದು ಮನಿ ಬಿಟ್ರ ಇಂಥಾವು ಇನ್ನೂ ಅದಾವೇನು ಅಲ್ಲಿ?

ಹಳೇಕಾಗದ:
ಮನೆ ಅಂತ ನೋಡಿದ್ರೆ ಇಷ್ಟು ಪೂರ್ತಿಯಾಗಿ ಈ ರೂಪದಲ್ಲಿ ಉಳಿದಿರೋದು ಇದೊಂದೇ ಅನ್ನಬಹುದು. ಹತ್ತಿರದಲ್ಲೇ ಡೇಲ್ಸ್‌ಫರ್ಡ್ ಇದೆ, ಅದೂ ಇದೇ ಸ್ಯಾಮ್ಯುಯೆಲ್ ಕಾಕರೆಲ್ ಕಟ್ಟಿದ್ದು, ವಾರನ್ ಹೇಸ್ಟಿಂಗ್ಸ್‌ಗೆ. ಹೈದರಾಲಿ ಜೊತೆ ಎರಡನೇ ಮೈಸೂರು ಯುದ್ಧ ನಡೆದಾಗ ಗವರ್ನರ್ ಜನರಲ್ ಆಗಿದ್ದನಲ್ಲ, ಅವನೇ. ವಂಶದ ಹಿರಿಯರು ಕಳ್ಕೊಂಡಿದ್ದ ಜಮೀನನ್ನ 1788ರಲ್ಲಿ ವಾಪಸ್ ಕೊಂಡು ಮನೆ ಕಟ್ಟಿಸಿದ, ಅದೇ ವರ್ಷ ಪಾರ್ಲಿಮೆಂಟಲ್ಲಿ ಅವನ ಮೇಲೆ ವಿಚಾರಣೆ ಶುರುವಾಯ್ತು, 1795ರಲ್ಲಿ ಬಿಡುಗಡೆ. ಆ ಮನೆಯಲ್ಲಿ ಇಂಡಿಯಾ ತೀರಾ ಸಂಕೋಚದಲ್ಲಿದೆ, ಒಂದು ಗುಮ್ಮಟ, ಒಳಗೆ ಅಗ್ಗಿಷ್ಟಿಕೆ ಮೇಲೆ ಇಂಡಿಯಾದ ಹೆಂಗಸರ ಕೆತ್ತನೆ, ಅಷ್ಟೇ. ಎರಡೂ ಮನೆಗೆ ನಡುವೆ ಹದಿನೈದು ವರ್ಷದ ಅಂತರ, ಅಷ್ಟರಲ್ಲಿ ಸಂಕೋಚ ಹೋಗಿಬಿಟ್ಟಿದೆ. ಆ ಮಧ್ಯೆ ಡೇನಿಯಲ್ ಚಿತ್ರಗಳು ಬಂದ್ವು, ಟಿಪ್ಪು ಸತ್ತ.

ಆಮೇಲೆ ಸಮುದ್ರ ತೀರದ ಬ್ರೈಟನ್ ಊರಿನ ಅರಮನೆ, ಪೆವಿಲಿಯನ್ ಅಂತಾರೆ. 1807ರಲ್ಲಿ ಯುವರಾಜ, ಮುಂದೆ ನಾಲ್ಕನೇ ಜಾರ್ಜ್ ಆದವನು, ಸೀಝಿನ್‌ಕೋಟ್‌ಗೆ ಬಂದು ಮನೆ ನೋಡಿ ಮರುಳಾದ. ಇಲ್ಲಿ ತೋಟದ ವಿಷಯಕ್ಕೆ ಸಲಹೆ ಕೊಟ್ಟಿದ್ದ ಹಂಫ್ರಿ ರೆಪ್ಟನ್ ಹತ್ರ ಆ ಸುಮಾರಿಗೇ ಬ್ರೈಟನ್ ಅರಮನೆಗೆ ಇಂಡಿಯಾ ಮಾದರಿಯ ನಕ್ಷೆ ತರಿಸಿಕೊಂಡ, ಕೊನೆಗೆ ಕೆಲಸ ಸಿಕ್ಕಿದ್ದು ಮಾತ್ರ ಜಾನ್ ನ್ಯಾಶ್‌ಗೆ, 1815ರಿಂದ. ಈಗ ಎಲ್ಲರಿಗೂ ಬ್ರೈಟನ್ ಪೆವಿಲಿಯನ್ ಗೊತ್ತು, ಸೀಝಿನ್‌ಕೋಟ್ ಗೊತ್ತಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಆ ಪೆವಿಲಿಯನ್ನನ್ನೇ ಆಸ್ಪತ್ರೆ ಮಾಡಿದ್ರು. ಗುಮ್ಮಟದ ಕೆಳಗೆ ಸಾಲು ಮಂಚ ಹಾಕಿರೋ ಫೋಟೋ ನೋಡಿ, ಮರೆಯೋಕಾಗಲ್ಲ.

ತೊಟ್ಟಿಮನೆ:
ಈ ಕಡೆಯಿಂದ ಆ ಕಡೆಗೆ ಹೋದದ್ದು ಆಯ್ತು, ಆ ಕಡೆಯಿಂದ ಬಂದದ್ದೂ ಇದೆಯಲ್ಲ. ಬೆಂಗಳೂರು ಅರಮನೆ ನೋಡಿದಾಗೆಲ್ಲ ನನಗೆ ಅದು ಇಂಗ್ಲೆಂಡಿಂದ ಎತ್ತಿ ತಂದಿಟ್ಟ ಹಾಗೆ ಕಾಣತ್ತೆ.

ಗಾರೆಮೇಸ್ತ್ರಿ_ಮಗ:
ಹೌದು, ಗ್ಯಾರೆಟ್ ಅಂತ ಪಾದ್ರಿ ಒಬ್ಬರ ತೋಟದ ಮನೆ ಅದು, ಬಾಲಕ ಚಾಮರಾಜ ಒಡೆಯರ್ ಅವರಿಗೆ ಅಂತ 1873ರಲ್ಲಿ ಕೊಂಡು ಆಮೇಲೆ ಅರಮನೆ ಮಾಡಿದ್ದು. ಕಲ್ಲಿನ ಬುರುಜು, ಐವಿ ಬಳ್ಳಿ, ಟ್ಯೂಡರ್ ಕಮಾನು. ಆದ್ರೆ ಒಳಗೆ ಹೋಗಿ ನೋಡಿ, ನಡುವೆ ತೆರೆದ ಅಂಗಳ ಇದೆ! ಹೊರಗೆ ಇಂಗ್ಲೆಂಡ್, ಒಳಗೆ ನಮ್ಮ ಮನೆ. ಸೀಝಿನ್‌ಕೋಟ್ ಉಲ್ಟಾ ಮಾಡಿದ ಹಾಗೆ. ಊರುಬಿಟ್ಟವ ಅವರೇ, ನಿಮ್ಮ ಅಮ್ಮನಿಗೆ ಹೇಳಿ, ಅಲ್ಲಿ ಮಳೆ ಬೀಳೋ ಜಾಗ ಇದೆ ಅಂತ.

ಊರುಬಿಟ್ಟವ:
ಈಗ ತಾನೇ ಫೋನಲ್ಲಿ ಓದಿ ಹೇಳಿದೆ. ‘ಹಾಗಾದ್ರೆ ಅದನ್ನ ಕಟ್ಟಿಸಿದೋರ ಮನೇಲಿ ಹೆಂಗಸರನ್ನ ಕೇಳಿದ್ದಾರೆ’ ಅಂದ್ರು.

ಲಂಡನ್_ಕನ್ನಡತಿ:
ಈ ಮನೆ ಉಳಿದಿದ್ದೇ ದೊಡ್ಡದು ಅಂತ ಸೇರಿಸ್ತೀನಿ. ಎರಡನೇ ಮಹಾಯುದ್ಧ ಆದಮೇಲೆ ಇಂಥ ಮನೆಗಳನ್ನ ಸಾಲಾಗಿ ಕೆಡವಿದ್ರು. ಉತ್ತರಾಧಿಕಾರ ತೆರಿಗೆ, ಕೆಲಸದೋರು ಸಿಗಲ್ಲ, ಸೈನ್ಯ ಬಂದು ಇದ್ದು ಹೋದ ಮನೆಗಳು ಹಾಳಾಗಿದ್ವು, ಮಾಳಿಗೆ ಸೋರೋದು, ಮರಕ್ಕೆ ಬೂಷ್ಟು. 1955ರಲ್ಲಂತೂ ಸರಾಸರಿ ಐದು ದಿನಕ್ಕೊಂದು ಮನೆ ನೆಲಸಮ ಆಗ್ತಿತ್ತು ಅಂತ ಲೆಕ್ಕ. 1974ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೆಡವಿದ ಮನೆಗಳ ಫೋಟೋ ಪ್ರದರ್ಶನ ಇಟ್ಟಮೇಲೆ ಜನಕ್ಕೆ ಎಚ್ಚರ ಆಯ್ತು. ಸೀಝಿನ್‌ಕೋಟ್ ಕೂಡ 1944ರಲ್ಲಿ ಒಳ್ಳೇ ಸ್ಥಿತಿಯಲ್ಲಿ ಇರ್ಲಿಲ್ಲ, ಕೈ ಬದಲಾಗಿ ದುರಸ್ತಿ ಕಂಡಿದ್ದಕ್ಕೆ ಉಳೀತು.

ಮಾತುಬೇಕು:
ಯೋಚನೆ ಮಾಡಿದೆ. ಹೋಗ್ತೀನಿ. ಕಾರಿಲ್ಲ ನನ್ನ ಹತ್ರ, ಲಂಡನ್ನಿಂದ ಹೇಗೆ ಹೋಗೋದು ಹೇಳಿ.

ಊರುಬಿಟ್ಟವ:
ಪ್ಯಾಡಿಂಗ್ಟನ್‌ನಿಂದ ಆಕ್ಸ್‌ಫರ್ಡ್ ಮೇಲೆ ವೂಸ್ಟರ್ ಕಡೆ ಹೋಗೋ ಟ್ರೈನ್ ಹತ್ತಿ, ಮಾರ್ಟನ್-ಇನ್-ಮಾರ್ಷ್ ಸ್ಟೇಷನ್ ಇಳ್ಕೊಳಿ. ಅಲ್ಲಿಂದ ಟ್ಯಾಕ್ಸಿ ಹಿಡಿದ್ರೆ ಹತ್ತಿರ, ಮನಸ್ಸಿದ್ರೆ ನಡೀಬಹುದು. ಬೋರ್ಟನ್-ಆನ್-ದ-ಹಿಲ್ ಹಳ್ಳಿಯಿಂದ ಎಸ್ಟೇಟ್ ಒಳಗೇ ಸಾರ್ವಜನಿಕ ಕಾಲುದಾರಿ ಹೋಗತ್ತೆ, ಹುಲ್ಲುಗಾವಲು ದಾಟ್ತಾ ಬಲಗಡೆ ಮರಗಳ ಮಧ್ಯೆ ಗುಮ್ಮಟ ಕಾಣತ್ತೆ, ಆ ದಾರಿಗೆ ಟಿಕೆಟ್ ಬೇಡ. ಮನೆ ಒಳಗೆ ವರ್ಷಪೂರ್ತಿ ಬಿಡಲ್ಲ, ಬೇಸಿಗೆ ತಿಂಗಳಲ್ಲಿ ಕೆಲವು ಮಧ್ಯಾಹ್ನ ಮಾತ್ರ, ಮೊದ್ಲೇ ನೋಡ್ಕೊಂಡು ಹೋಗಿ. ಒಳಗೆ ಕರ್ಕೊಂಡು ಹೋಗಿ ತೋರಿಸೋರು ಇರ್ತಾರೆ, ಅವರ ಹತ್ರ ಜಾನ್ ಕಾಕರೆಲ್ ಬಗ್ಗೆ, ಮೈಸೂರು ಯುದ್ಧದ ಬಗ್ಗೆ ಕೇಳಿ, ನಾನು ಹೋದಾಗ ಗೊತ್ತಿರ್ಲಿಲ್ಲ, ಕೇಳಲಿಲ್ಲ.

ಸೇತುವೆ ಕೆಳಗಿನ ಹೆಜ್ಜೆ ಕಲ್ಲು ಪಾಚಿ ಕಟ್ಟಿರತ್ತೆ, ಹಿಡಿತ ಇರೋ ಶೂ ಹಾಕ್ಕೊಳಿ.